ಸ್ಕ್ರೂ ತಿರುಗಿಸಿದರೂ ಎಂಜಿನ್ ಜಪ್ಪಯ್ಯ ಅನ್ನದಿದ್ದರೆ?

ನಮಸ್ಕಾರ.

ನಿಮ್ಮ ‘ಜೋಡಿ ಕಾರ್ಬುರೇಟರಿನ ಗತ್ತು’ ಪೂರ್ತಿ ಓದಿದೆವು. ಹಳೆಯ ಫೋರ್ಡ್ ಫ್ಲ್ಯಾಟ್‌ಹೆಡ್ ವಿ8 ಮೇಲೆ ಎರಡು ಸ್ಟ್ರಾಂಬರ್ಗ್ 97 ಕಾರ್ಬುರೇಟರ್ (ಗಾಳಿಗೆ ಪೆಟ್ರೋಲ್ ಬೆರೆಸುವ ಭಾಗ) ಕೂರಿಸಿ ಐಡ್ಲಿಂಗ್ (ಆಕ್ಸಿಲರೇಟರ್ ಒತ್ತದಿದ್ದಾಗ ಎಂಜಿನ್ ಓಡುವ ಬಗೆ) ಹೊಂದಿಸುವುದು ಹೇಗೆಂದು ಬರೆದಿದ್ದೀರಿ. ವಿಷಯ ನಮಗೆ ಬೇಕು. ಲೇಖನ ಈಗಿರುವ ಹಾಗೆ ಬೇಡ.

ಮೊದಲ ಎರಡು ಪುಟ ಕ್ಯಾಲಿಫೋರ್ನಿಯಾದ ಮುರಾಕ್ ಒಣಕೆರೆ, ಅಲ್ಲಿನ ಧೂಳು, ಸೈಲೆನ್ಸರ್ ಕಿತ್ತ ಕಾರುಗಳ ಸದ್ದು. ಓದಲು ಸೊಗಸು. ಆದರೆ ಬಾನೆಟ್ ಎತ್ತಿ ಸ್ಕ್ರೂಡ್ರೈವರ್ ಹಿಡಿದು ನಿಂತವನಿಗೆ ಅದರಲ್ಲಿ ಏನೂ ದಕ್ಕುವುದಿಲ್ಲ. ನಾಲ್ಕು ಸಾಲಿಗೆ ಇಳಿಸಿ. ಅಲ್ಲೇ ಎರಡು ತಪ್ಪೂ ನುಸುಳಿವೆ. 97 ಎಂಬುದು ಜೆಟ್ಟಿನ (ಪೆಟ್ರೋಲ್ ಅಳೆದು ಬಿಡುವ ತೂತಿನ) ನಂಬರ್ ಅಲ್ಲ, ವೆಂಚುರಿಯ (ಗಾಳಿ ಹಾಯುವ ಕಿರಿದಾದ ಕೊರಳಿನ) ಅಳತೆ, 0.97 ಇಂಚು. 1932ರ ಫೋರ್ಡ್ ವಿ8ಗೆ ಅದು ಇರಲೂ ಇಲ್ಲ. ಆಗ ಇದ್ದದ್ದು ಡೆಟ್ರಾಯಿಟ್ ಲೂಬ್ರಿಕೇಟರ್ ಕಂಪನಿಯ ಸಿಂಗಲ್ ಬ್ಯಾರೆಲ್, ಅಂದರೆ ಒಂದೇ ಗಾಳಿಕೊಳವೆಯ ಕಾರ್ಬುರೇಟರ್. 97 ಬಂದದ್ದು 1936ರಲ್ಲಿ.

ಇನ್ನು ಅಸಲು ವಿಷಯ. “ಮಿಕ್ಸ್ಚರ್ ಸ್ಕ್ರೂಗಳನ್ನು ಒಂದೂವರೆ ಸುತ್ತು ಬಿಚ್ಚಿ, ಎಂಜಿನ್ ನುಣ್ಣಗೆ ಓಡುವವರೆಗೆ ಅತ್ತಿತ್ತ ತಿರುಗಿಸಿ” ಎಂದು ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿದ್ದೀರಿ. ಎರಡು 97 ಎಂದರೆ ನಾಲ್ಕು ಬ್ಯಾರೆಲ್, ಬ್ಯಾರೆಲ್ಲಿಗೊಂದರಂತೆ ನಾಲ್ಕು ಸ್ಕ್ರೂ. ನಾಲ್ಕನ್ನೂ ತಿರುಗಿಸಿದರೂ ಎಂಜಿನ್ ಜಪ್ಪಯ್ಯ ಅನ್ನದಿದ್ದರೆ? ಜೋಡಿ ಕಾರ್ಬುರೇಟರ್ ಹಾಕಿಕೊಂಡವರು ಒದ್ದಾಡುವುದು ಅಲ್ಲೇ. ನಿಮ್ಮ ಲೇಖನ ಬಾಯಿ ಮುಚ್ಚಿಕೊಳ್ಳುವುದೂ ಅಲ್ಲೇ.

ಕಾರಣ ಬರೆಯಿರಿ. ಐಡಲ್‌ನಲ್ಲಿ ಥ್ರಾಟಲ್ ಪ್ಲೇಟ್ (ಬ್ಯಾರೆಲ್ಲಿನಲ್ಲಿ ಗಾಳಿ ತಡೆಯುವ ಬಾಗಿಲು) ಹೆಚ್ಚುಕಡಿಮೆ ಮುಚ್ಚಿರುತ್ತದೆ. ಬ್ಯಾರೆಲ್ಲಿನ ಗೋಡೆಯಲ್ಲಿ ಪುಟ್ಟ ತೂತುಗಳಿವೆ. ಕೆಳಗಿನದು ಪ್ಲೇಟಿನ ಅಡಿಗೆ, ವ್ಯಾಕ್ಯೂಮ್ ಎಳೆಯುವ ಜಾಗದಲ್ಲಿ. ಮಿಕ್ಸ್ಚರ್ ಸ್ಕ್ರೂವಿನ ಹಿಡಿತ ಇರುವುದು ಇದರ ಮೇಲೆ. ಮೇಲಿನದು ಪ್ಲೇಟಿನ ಅಂಚಿನ ಬಳಿ. ಆಕ್ಸಿಲರೇಟರ್ ಒತ್ತಿದಾಗಷ್ಟೇ ತೆರೆದುಕೊಳ್ಳಬೇಕು. ಒಂದು ಕಾರ್ಬುರೇಟರ್ ಕೊಡುತ್ತಿದ್ದ ಗಾಳಿಯನ್ನು ಈಗ ಎರಡು ಹಂಚಿಕೊಳ್ಳುವುದರಿಂದ ಪ್ರತಿ ಪ್ಲೇಟೂ ಮೊದಲಿಗಿಂತ ಹೆಚ್ಚು ಮುಚ್ಚಿರಬೇಕು. ಸ್ಪೀಡ್ ಸ್ಕ್ರೂ ಬಿಗಿದು ಪ್ಲೇಟ್ ಎತ್ತಿಟ್ಟರೆ ಮೇಲಿನ ತೂತೂ ಪೆಟ್ರೋಲ್ ಕೊಡತೊಡಗುತ್ತದೆ. ಆಮೇಲೆ ಮಿಕ್ಸ್ಚರ್ ಸ್ಕ್ರೂ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಅಂದ ಹಾಗೆ, 97ರಲ್ಲಿ ಸ್ಕ್ರೂ ಬಿಚ್ಚಿದರೆ ರಿಚ್ (ಪೆಟ್ರೋಲ್ ಹೆಚ್ಚು), ಬಿಗಿದರೆ ಲೀನ್ (ಪೆಟ್ರೋಲ್ ಕಡಿಮೆ). ನೀವು ತಿರುಗುಮುರುಗು ಬರೆದಿದ್ದೀರಿ.

ಪ್ಲೇಟ್ ಪರೀಕ್ಷೆಗೆ ಒಂದು ಇಡೀ ಪ್ಯಾರಾ ಕೊಡಿ, ಫೋಟೋ ಸಮೇತ. ಕಾರ್ಬುರೇಟರ್ ಕಳಚಿ, ಸ್ಪೀಡ್ ಸ್ಕ್ರೂ ಪೂರ್ತಿ ಹಿಂದೆ ತೆಗೆದು, ಬ್ಯಾರೆಲ್ಲನ್ನು ಬೆಳಕಿಗೆ ಹಿಡಿದು ತಳದಿಂದ ನೋಡಬೇಕು. ಸುತ್ತಲೂ ಕೂದಲೆಳೆಯಷ್ಟು ಬೆಳಕು ಕಂಡರೆ ಸರಿ. ಒಂದು ಬದಿಯಲ್ಲಿ ಬಿದಿಗೆ ಚಂದ್ರನಂತೆ ಕಂಡರೆ ಪ್ಲೇಟ್ ಓರೆಯಾಗಿದೆ. ಅದರ ಎರಡು ಸ್ಕ್ರೂ ಸಡಿಲಿಸಿ, ಥ್ರಾಟಲ್ಲನ್ನು ಎರಡು ಮೂರು ಸಲ ಪಟ್ಟನೆ ಮುಚ್ಚಿ, ಮುಚ್ಚಿದ ಸ್ಥಿತಿಯಲ್ಲೇ ಬಿಗಿಯಬೇಕು. ಆ ಸ್ಕ್ರೂಗಳ ತುದಿ ಬಡಿದು ಭದ್ರ ಮಾಡದಿದ್ದರೆ ಒಂದು ದಿನ ಅವು ಕಳಚಿ ಸಿಲಿಂಡರಿನೊಳಗೆ ಬೀಳುತ್ತವೆ. ಇದನ್ನು ದಪ್ಪಕ್ಷರದಲ್ಲಿ ಹಾಕೋಣ. ಶಾಫ್ಟ್ ಸವೆದು ಅಲ್ಲಾಡುತ್ತಿದ್ದರೆ ಯಾವ ಹೊಂದಾಣಿಕೆಯೂ ನಿಲ್ಲದು. ಗಾಳಿ ಅಲ್ಲಿಂದಲೇ ನುಗ್ಗುತ್ತದೆ.

ಹೊಂದಿಸುವ ಕ್ರಮವನ್ನೂ ಬದಲಿಸಿ. ನೀವು ಲಿಂಕೇಜ್ (ಎರಡೂ ಕಾರ್ಬುರೇಟರನ್ನು ಒಟ್ಟಿಗೆ ತೆರೆಯುವ ರಾಡು) ಜೋಡಿಸಿಟ್ಟೇ ಶುರು ಮಾಡಿದ್ದೀರಿ. ಹಾಗೆ ಮಾಡಿದರೆ ಒಂದನ್ನು ಮುಟ್ಟಿದಾಗ ಇನ್ನೊಂದೂ ಅಲುಗುತ್ತದೆ. ಮೊದಲು ಪ್ಲಗ್, ಪಾಯಿಂಟ್, ಟೈಮಿಂಗ್ ಸರಿಯಿರಬೇಕು. ಎಂಜಿನ್ ಚೆನ್ನಾಗಿ ಕಾದಿರಬೇಕು. ಲಿಂಕೇಜ್ ಬಿಚ್ಚಿ, ಮಿಕ್ಸ್ಚರ್ ಸ್ಕ್ರೂಗಳನ್ನು ಮೆಲ್ಲಗೆ ತಳಕ್ಕೆ ಮುಟ್ಟಿಸಿ (ಒತ್ತಿ ಬಿಗಿದರೆ ಮೊನೆಯಲ್ಲಿ ಗೆರೆ ಬೀಳುತ್ತದೆ) ತಲಾ ಒಂದು ಸುತ್ತು ಬಿಚ್ಚಿಕೊಳ್ಳಬೇಕು. ಸ್ಪೀಡ್ ಸ್ಕ್ರೂಗಳಿಂದ 600–650 ಆರ್‌ಪಿಎಂಗೆ ತಂದು, ಯೂನಿಸಿನ್ ಮೀಟರನ್ನು (ಗಾಳಿಯ ಹರಿವು ತೋರಿಸುವ ಉಪಕರಣ) ಒಂದಾದ ಮೇಲೊಂದರ ಬಾಯಿಗಿಟ್ಟು ಎರಡೂ ಒಂದೇ ಸಮ ಗಾಳಿ ಎಳೆಯುವಂತೆ ಮಾಡಬೇಕು. ವ್ಯಾಕ್ಯೂಮ್ ಗೇಜ್ ನೋಡುತ್ತ ಒಂದೊಂದೇ ಮಿಕ್ಸ್ಚರ್ ಸ್ಕ್ರೂವನ್ನು ಅರೆಪಾವು ಸುತ್ತಿನಂತೆ ತಿರುಗಿಸಿ ಮುಳ್ಳು ಅತಿ ಮೇಲೇರುವಲ್ಲಿ ಬಿಡುವುದು. ಸ್ಪೀಡ್ ಏರಿದರೆ ಎರಡೂ ಸ್ಪೀಡ್ ಸ್ಕ್ರೂಗಳನ್ನು ಸಮನಾಗಿ ಇಳಿಸಿ, ಮತ್ತೆ ಮೀಟರ್. ಲಿಂಕೇಜ್ ಜೋಡಿಸುವುದು ಕಟ್ಟಕಡೆಗೆ. ರಾಡಿನ ಉದ್ದ ಹೊಂದಿಸಿದರೆ ಅದು ಎಳೆಯದೆ, ತಳ್ಳದೆ ತಾನೇ ಕೂರಬೇಕು.

ಇಷ್ಟಾದರೂ ಎಂಜಿನ್ ಕಪ್ಪು ಹೊಗೆ ಕಾರುತ್ತಿದ್ದರೆ ಐಡಲ್ ಸರ್ಕ್ಯೂಟನ್ನು ಬೈಯುವ ಮೊದಲು ಪೆಟ್ರೋಲ್ ಪ್ರೆಷರ್ ನೋಡಿ ಎಂದು ಬರೆಯಿರಿ. 97ಕ್ಕೆ ಎರಡೂವರೆಯಿಂದ ಮೂರು ಪಿಎಸ್‌ಐ ಧಾರಾಳ. ಈಗಿನ ಎಲೆಕ್ಟ್ರಿಕ್ ಪಂಪ್ ಅದಕ್ಕಿಂತ ಜೋರಾಗಿ ತಳ್ಳಿದರೆ ಬೌಲಿಗೆ (ಪೆಟ್ರೋಲ್ ನಿಲ್ಲುವ ಬಟ್ಟಲಿಗೆ) ನುಗ್ಗುವುದನ್ನು ನೀಡಲ್ ವಾಲ್ವ್ ತಡೆಯದೆ, ಐಡಲ್‌ನಲ್ಲೇ ಮೇನ್ ನಾಜಲ್ ತೊಟ್ಟಿಕ್ಕುತ್ತದೆ. ಬೌಲಿನ ಮೇಲಂಚಿನಿಂದ 15/32 ಇಂಚು ಕೆಳಗೆ ಪೆಟ್ರೋಲ್ ಮಟ್ಟ ಇರಬೇಕು. ಈ ಅಂಕಿ ನಿಮ್ಮ ಲೇಖನದಲ್ಲಿ ಎಲ್ಲೂ ಇಲ್ಲ.

ಮೂರು ಕಾರ್ಬುರೇಟರಿನ ಭಾಗ ಈ ಲೇಖನಕ್ಕೆ ಭಾರ, ತೆಗೆಯಿರಿ. ಇಟ್ಟುಕೊಳ್ಳಲೇಬೇಕೆಂದರೆ ಒಂದು ಮಾತು ಸೇರಿಸಿ: 1957ರಿಂದ ಪಾಂಟಿಯಾಕ್ ಕೊಟ್ಟ ಟ್ರೈ-ಪವರ್‌ನಲ್ಲಿ ಮೂರು ಕಾರ್ಬುರೇಟರಿನ ಪೈಕಿ ತುದಿಯ ಎರಡಕ್ಕೆ ಐಡಲ್ ಸರ್ಕ್ಯೂಟೇ ಇರಲಿಲ್ಲ, ನಡುವಿನದೊಂದೇ ಐಡ್ಲಿಂಗ್ ನೋಡಿಕೊಳ್ಳುತ್ತಿತ್ತು. ಮೂರು 97 ಹಾಕಿ, ತುದಿಯ ಎರಡರ ಮಿಕ್ಸ್ಚರ್ ಸ್ಕ್ರೂ ಮುಚ್ಚಿ ಅದೇ ಉಪಾಯ ಮಾಡುವವರು ಆ ತುದಿಯ ಪ್ಲೇಟ್‌ಗಳು ಬಿಗಿಯಾಗಿ ಮುಚ್ಚುತ್ತವೆಯೇ ಎಂದು ನೋಡುವುದಿಲ್ಲ. ಸೋರಿದರೆ ನಡುವಿನದು ಎಷ್ಟು ಪೆಟ್ರೋಲ್ ಕೊಟ್ಟರೂ ಎಂಜಿನ್ ಲೀನ್ ಆಗಿಯೇ ಮಿಸ್ ಹೊಡೆಯುತ್ತದೆ.

ಕೊನೆಗೆ, ನಿಮ್ಮ ಜಾವಾ ಹೋಲಿಕೆ. ಮೈಸೂರಿನ ಬೈಕೆಂದು ಓದುಗರಿಗೆ ಅಕ್ಕರೆ, ನಿಜ. ಆದರೆ ಅದಕ್ಕೆ ಒಂದೇ ಕಾರ್ಬುರೇಟರ್. ಹೋಲಿಸಲೇಬೇಕಿದ್ದರೆ ರಾಜ್‌ದೂತ್ 350 ತನ್ನಿ, ಅದಕ್ಕೆ ಎರಡಿದ್ದವು. ವ್ಯತ್ಯಾಸವನ್ನೂ ಹೇಳಿ: ಅದರಲ್ಲಿ ಸಿಲಿಂಡರಿಗೊಂದು, ಯಾವುದು ಕೈಕೊಟ್ಟಿತೆಂದು ತಕ್ಷಣ ಗೊತ್ತಾಗುತ್ತದೆ. ಫ್ಲ್ಯಾಟ್‌ಹೆಡ್‌ನಲ್ಲಿ ಎರಡೂ ಒಂದೇ ಮ್ಯಾನಿಫೋಲ್ಡಿಗೆ ಸುರಿಯುವುದರಿಂದ ಒಂದರ ಸೋಮಾರಿತನವನ್ನು ಇನ್ನೊಂದು ಮುಚ್ಚಿಹಾಕುತ್ತದೆ.

ಸಾವಿರದ ಇನ್ನೂರು ಪದಗಳೊಳಗೆ ತಿದ್ದಿ ಕಳಿಸಿ. ಬೆಳಕಿಗೆ ಹಿಡಿದ ಬ್ಯಾರೆಲ್ಲಿನ ಫೋಟೋ ಎರಡಿರಲಿ, ಒಂದು ಸರಿಯಾದ್ದು, ಒಂದು ಓರೆಯಾದ್ದು.

– ಸಂಪಾದಕ