ಬ್ರೆಸ್ಸೋನ್ ಚಿತ್ರಗಳನ್ನು ಎಲ್ಲಿಂದ ಶುರು ಮಾಡುವುದು?

ಬ್ರೆಸ್ಸೋನ್ ಅವರ 'ಬಾಲ್ತಜಾರ್' ಚಿತ್ರ ಅರ್ಧಕ್ಕೇ ಬಿಟ್ಟೆ, ಯಾರೂ ನಟಿಸುವುದೇ ಇಲ್ಲವಲ್ಲ ಅಂದಿದ್ದೀರಿ. ಅದು ಬೇಕೆಂದೇ ಮಾಡಿದ್ದು. ಫ್ರೆಂಚ್ ನಿರ್ದೇಶಕ ರಾಬರ್ಟ್ ಬ್ರೆಸ್ಸೋನ್ 1943 ಮತ್ತು 1945ರ ಮೊದಲೆರಡು ಪೂರ್ಣಾವಧಿ ಚಿತ್ರಗಳಲ್ಲಿ ವೃತ್ತಿಪರ ನಟರನ್ನೇ ಬಳಸಿದ್ದರು. 50ರ ದಶಕದಲ್ಲಿ ಅವರನ್ನು ಕೈಬಿಟ್ಟು ಹೊಸಬರನ್ನು ತಂದು, 'ಮಾಡೆಲ್' ಎಂದು ಕರೆದು, ಒಂದೇ ಮಾತನ್ನು ಮತ್ತೆ ಮತ್ತೆ ಹೇಳಿಸಿ ಭಾವವೆಲ್ಲ ಇಳಿಸಿಬಿಡುತ್ತಿದ್ದರು. ಹಾಗಾಗಿ ಮುಖದಲ್ಲಿ ಹುಡುಕಬೇಡಿ. ಕೈ, ಬಾಗಿಲು, ಹೆಜ್ಜೆ ಸದ್ದು ಗಮನಿಸಿ. ಹೆಡ್‌ಫೋನ್ ಹಾಕಿಕೊಂಡರೆ ಒಳ್ಳೆಯದು, ಅರ್ಧ ಕಥೆ ಸದ್ದಿನಲ್ಲೇ ಇರುತ್ತದೆ.

ಮೊದಲು 'ಎ ಮ್ಯಾನ್ ಎಸ್ಕೇಪ್ಡ್' (1956) ನೋಡಿ. ಫ್ರಾನ್ಸಿನ ಲಿಯೋನ್ ನಗರದಲ್ಲಿ ಜರ್ಮನರ ವಶದಲ್ಲಿದ್ದ ಮೋಂಲುಕ್ ಜೈಲಿನಿಂದ 1943ರಲ್ಲಿ ಫ್ರೆಂಚ್ ಪ್ರತಿರೋಧ ಹೋರಾಟಗಾರ ಆಂದ್ರೆ ದೆವಿನ್ಯಿ ತಪ್ಪಿಸಿಕೊಂಡ ನಿಜ ಘಟನೆ. ಚಮಚ ಮಸೆದು ಉಳಿ ಮಾಡಿ ಬಾಗಿಲ ಹಲಗೆ ಬಿಡಿಸುವುದು, ಬಟ್ಟೆ ಹರಿದು ತಂತಿ ಸುತ್ತಿ ಹಗ್ಗ ಹೊಸೆಯುವುದು: ಇಲ್ಲಿ ಕೆಲಸವೇ ಕಥೆ, ಮುಖಭಾವದ ಕೊರತೆ ಕಾಡುವುದಿಲ್ಲ. ಬ್ರೆಸ್ಸೋನ್ ಕೂಡ ಜರ್ಮನರ ಯುದ್ಧಕೈದಿಯಾಗಿದ್ದವರು.

ಆಮೇಲೆ 'ಪಿಕ್‌ಪಾಕೆಟ್' (1959), ಒಂದೂಕಾಲು ಗಂಟೆಯದು. ಅದಾದ ಮೇಲೆ 'ಬಾಲ್ತಜಾರ್'ಗೆ (1966) ಮರಳಿ. ಕೊನೆಯ ಚಿತ್ರ 'ಲಾರ್ಜಾಂ' (1983) ಮಾತ್ರ ಈಗಲೇ ಬೇಡ, ತುಂಬಾ ಕಠೋರ. ಹಿಂದಿ ನಿರ್ದೇಶಕ ಮಣಿ ಕೌಲ್ ಇಷ್ಟವಿದ್ದರೆ ಬ್ರೆಸ್ಸೋನ್ ದಸ್ತಯೇವ್‌ಸ್ಕಿ ಕಥೆಯಿಂದ ಮಾಡಿದ 'ಉನ್ ಫಾಮ್ ದೂಸ್' (1969) ನೋಡಿ. ಅದೇ ಕಥೆಯಿಂದ ಕೌಲ್ 'ನಜರ್' ಮಾಡಿದ್ದಾರೆ.