ಆಹಾರದ ನಳಿಕೆ ಹಾಕಿಸುವ ಮೊದಲು ಕೇಳಬೇಕಾದ್ದು

ನಿಮ್ಮ ಯಜಮಾನರಿಗೆ ಆಹಾರದ ನಳಿಕೆ ಹಾಕಿಸಬೇಕೇ ಎಂದು ಕೇಳಿದ್ದೀರಿ. ಪಾರ್ಶ್ವವಾಯು ಆಗಿ ಹತ್ತು ದಿನವಾದರೂ ಅವರಿಗೆ ನೀರು ಕುಡಿಸಿದಾಗಲೆಲ್ಲ ಕೆಮ್ಮು ಬರುತ್ತಿದೆ ಎಂದರೆ, ಬಹುಶಃ ನುಂಗುವ ಸ್ನಾಯುಗಳ ಹಿಡಿತ ತಪ್ಪಿ ನೀರು ಶ್ವಾಸನಾಳಕ್ಕೆ ಇಳಿಯುತ್ತಿದೆ. ಸದ್ಯಕ್ಕೆ ಬಾಯಿಂದ ಏನೂ ಕೊಡಬೇಡಿ. ಮೊದಲು ಮಾತು, ನುಂಗುವಿಕೆ ಎರಡನ್ನೂ ನೋಡುವ ಸ್ಪೀಚ್ ಥೆರಪಿಸ್ಟ್ ಹತ್ತಿರ ನುಂಗುವಿಕೆಯ ಪರೀಕ್ಷೆ ಮಾಡಿಸಿ (ನನ್ನ ಹೆಂಡತಿಗೆ ಹೀಗಾದಾಗ ನಾವಾಗಿ ಕೇಳುವವರೆಗೆ ನಮಗೆ ಯಾರೂ ಹೇಳಿರಲಿಲ್ಲ).

ಆಮೇಲೆ ಡಾಕ್ಟರನ್ನು ನೇರವಾಗಿ ಕೇಳಿ: ನುಂಗುವ ಶಕ್ತಿ ಮರಳುವ ಸಾಧ್ಯತೆ ಇದೆಯೇ? ಇದೆ ಎಂದರೆ ಮೂಗಿನ ಮೂಲಕ ಹೊಟ್ಟೆಗೆ ಇಳಿಸುವ ನಳಿಕೆಗೆ ಒಪ್ಪಿಕೊಳ್ಳಿ. ಅದು ಸಾಮಾನ್ಯವಾಗಿ 4–6 ವಾರದ ಮಾತು. ಅದಕ್ಕಿಂತ ಹೆಚ್ಚು ದಿನ ಬೇಕಾದರೆ ಹೊಟ್ಟೆಗೆ ನೇರವಾಗಿ ಹಾಕುವ ಪೆಗ್ ಟ್ಯೂಬಿನ ಪ್ರಶ್ನೆ ಬರುತ್ತದೆ. ‘ಒಮ್ಮೆ ಹಾಕಿದರೆ ತೆಗೆಯುವಂತಿಲ್ಲ’ ಎಂಬ ನಿಮ್ಮ ಭಯ ನನ್ನ ಹೆಂಡತಿಯ ವಿಷಯದಲ್ಲಿ ನನಗೂ ಇತ್ತು. ಎರಡನ್ನೂ ತೆಗೆಯಬಹುದು. ಹಾಕಿಸುವ ದಿನವೇ, ನಳಿಕೆ ಇನ್ನೂ ಬೇಕೇ ಎಂಬ ಮರುಪರಿಶೀಲನೆಯ ತಾರೀಖು ಗೊತ್ತುಮಾಡಿ, ಕೇಸ್ ಶೀಟಲ್ಲಿ ಬರೆಸಿ.

ನಳಿಕೆ ಇದ್ದರೂ ಎಂಜಲು ಶ್ವಾಸಕೋಶಕ್ಕೆ ಇಳಿಯಬಹುದು. ಆಹಾರ ಕೊಡುವಾಗಲೂ ಆಮೇಲೆ ಸ್ವಲ್ಪ ಹೊತ್ತೂ ತಲೆ ಕಡೆ 30–45 ಡಿಗ್ರಿ ಎತ್ತಿರಲಿ, ಬಾಯಿ ದಿನವೂ ಸ್ವಚ್ಛ ಮಾಡಿ.

ಎಷ್ಟು ಚೇತರಿಸಿಕೊಳ್ಳುತ್ತಾರೆಂದು ಈಗಲೇ ಯಾರೂ ಖಚಿತವಾಗಿ ಹೇಳಲಾರರು. ಅವರಿಗೆ ಎಚ್ಚರವಿದ್ದರೆ, ಮಕ್ಕಳನ್ನು ಕೇಳುವ ಮೊದಲು ನಳಿಕೆ ಬೇಕೇ ಎಂದು ಅವರನ್ನೇ ಕೇಳಿ. ಕಣ್ಣು ಮಿಟುಕಿಸಿ ಉತ್ತರ ಕೊಟ್ಟರೂ ಸಾಕು.