ಅಂಕಪಟ್ಟಿ ಬದಿಗಿರಲಿ, ಬಾವಿಯ ಕಥೆ ಹೇಳಿ

ಓದುಗರ ಪತ್ರ: ರಸಾಯನ ವಿಜ್ಞಾನದ ಪದವಿಯ ಕೊನೆಯ ವರ್ಷದಲ್ಲಿದ್ದೇನೆ. ಹೊರದೇಶದಲ್ಲಿ ಸ್ನಾತಕೋತ್ತರ ಓದಿಗಾಗಿ ಬ್ರಿಟನ್ ಸರ್ಕಾರದ ಚೀವ್ನಿಂಗ್ ಮತ್ತು ಐರೋಪ್ಯ ಒಕ್ಕೂಟದ ಎರಾಸ್ಮಸ್ ಮುಂಡುಸ್ ವಿದ್ಯಾರ್ಥಿವೇತನಗಳಿಗೆ ಅರ್ಜಿ ಹಾಕಿದ್ದೆ. ಎರಡೂ ತಿರಸ್ಕೃತವಾದವು. ತರಗತಿಗೆ ನಾನೇ ಮೊದಲಿಗಳು. ನನಗಿಂತ ಕಡಿಮೆ ಅಂಕದ ಗೆಳತಿಗೆ ಸಿಕ್ಕಿತು. ಇಲ್ಲಿಯೂ ವಶೀಲಿ ನಡೆಯುತ್ತದೆಯೇ? ನನ್ನ ಪ್ರಬಂಧವನ್ನು ಲಗತ್ತಿಸಿದ್ದೇನೆ.

ಸಂಪಾದಕರ ಉತ್ತರ: ಚೀವ್ನಿಂಗ್‌ನಲ್ಲಿ ನೀವು ಸೋತದ್ದು ಯಾರಿಗೂ ಅಲ್ಲ. ಕನಿಷ್ಠ ಎರಡು ವರ್ಷ, ಅಂದರೆ 2,800 ಗಂಟೆಗಳ ಕೆಲಸದ ಅನುಭವ ಇರಬೇಕೆಂಬುದು ಅದರ ಮೊದಲ ಷರತ್ತುಗಳಲ್ಲೊಂದು. ಇನ್ನೂ ಪದವಿ ಮುಗಿಸದ ನಿಮ್ಮ ಅರ್ಜಿ ಹೊಸ್ತಿಲು ದಾಟುವಂತೆಯೇ ಇರಲಿಲ್ಲ. ಅರ್ಹತೆಯ ಪುಟವನ್ನು ಓದದೆ ಪ್ರಬಂಧಕ್ಕೆ ಕುಳಿತಿರಿ ಎಂದು ಕಾಣುತ್ತದೆ.

ಎರಾಸ್ಮಸ್ ಮುಂಡುಸ್ ವಿಷಯ ಬೇರೆ. ಅಲ್ಲಿ ಕೊನೆಯ ವರ್ಷದವರೂ ಅರ್ಜಿ ಹಾಕಬಹುದು. ಕನಿಷ್ಠ ಎರಡು ದೇಶಗಳ ವಿಶ್ವವಿದ್ಯಾಲಯಗಳಲ್ಲಿ ಓದಬೇಕು. ಆಯ್ಕೆಯಾದರೆ ಬೋಧನಾ ಶುಲ್ಕದ ಚಿಂತೆಯಿಲ್ಲದೆ ತಿಂಗಳಿಗೆ 1,400 ಯೂರೊ ಕೈಗೆ ಬರುತ್ತದೆ. ಆದರೆ ಅಲ್ಲಿಗೂ ನೀವು ಅದೇ ಪ್ರಬಂಧವನ್ನೇ ಕಳುಹಿಸಿದ್ದೀರಿ. ಆ ಎರಡು ದೇಶಗಳು ಏಕೆ, ಅಲ್ಲಿನ ಯಾವ ಪ್ರಯೋಗಾಲಯ ನಿಮಗೆ ಬೇಕು ಎಂಬ ಮಾತೇ ಅದರಲ್ಲಿಲ್ಲ.

ವಿದ್ಯಾರ್ಥಿವೇತನವನ್ನು ನೀವು ಅಂಕಗಳಿಗೆ ಸಿಗುವ ಬಹುಮಾನ ಎಂದುಕೊಂಡಿದ್ದೀರಿ. ಹಣ ಕೊಡುವವರಿಗೆ ಅವರದೇ ಲೆಕ್ಕಾಚಾರ ಇರುತ್ತದೆ. ತನ್ನ ಹೆಸರಿನ ವಿದ್ಯಾರ್ಥಿವೇತನಕ್ಕೆ ಹಣ ಬಿಟ್ಟು 1902ರಲ್ಲಿ ತೀರಿಕೊಂಡ ಸೆಸಿಲ್ ರೋಡ್ಸ್, ಆಕ್ಸ್‌ಫರ್ಡ್‌ಗೆ ಬರೀ ಪುಸ್ತಕದ ಹುಳುಗಳು ಬರಬಾರದೆಂದು ಉಯಿಲಿನಲ್ಲೇ ಬರೆದಿಟ್ಟಿದ್ದ. ಆಟೋಟ, ನಡತೆ, ಮುಂದಾಳುತನವನ್ನೂ ತೂಗಬೇಕೆಂದಿದ್ದ. (ಆತನ ಲೆಕ್ಕದಲ್ಲಿ ಹೆಂಗಸರು ಇರಲೇ ಇಲ್ಲ. ಆ ಬಾಗಿಲು ಅವರಿಗೆ ತೆರೆದದ್ದು 1977ರಲ್ಲಿ.) ಎರಡನೆಯ ಮಹಾಯುದ್ಧದ ಬಳಿಕ ಬೇರೆ ದೇಶಗಳಲ್ಲಿ ಉಳಿದುಹೋದ ಸೇನಾ ಸಾಮಗ್ರಿಯನ್ನು ಮಾರಿದ ಹಣವೇ 1946ರಲ್ಲಿ ಅಮೆರಿಕದ ಫುಲ್‌ಬ್ರೈಟ್ ವಿದ್ಯಾರ್ಥಿವೇತನ ಯೋಜನೆಗೆ ಬಂಡವಾಳವಾಯಿತು. ದೇಶದೇಶಗಳ ಜನ ಒಬ್ಬರನ್ನೊಬ್ಬರು ಅರಿಯಲಿ ಎಂಬುದು ಅದರ ಆಸೆ. ಆದ್ದರಿಂದಲೇ ಓದು ಮುಗಿದ ಮೇಲೆ ವಿದ್ಯಾರ್ಥಿ ತನ್ನ ದೇಶಕ್ಕೆ ಮರಳಬೇಕೆಂದು ಅದು ಬಯಸುತ್ತದೆ. ಚೀವ್ನಿಂಗ್ ಕೂಡ ಎರಡು ವರ್ಷದ ಮಟ್ಟಿಗೆ ಅದನ್ನೇ ಕೇಳುತ್ತದೆ. ‘ಅಲ್ಲಿಯೇ ನೆಲೆಸುವುದು ನನ್ನ ಕನಸು’ ಎಂದು ನೀವು ಮುಕ್ತಾಯ ಮಾಡಿದ್ದೀರಿ! ಕನಸು ತಪ್ಪಲ್ಲ, ಹೇಳಿಕೊಂಡ ಜಾಗ ತಪ್ಪು.

ಶಿಫಾರಸು ಪತ್ರದ ಬಗ್ಗೆಯೂ ಒಂದು ಮಾತು. ನಾನೂ ಒಂದು ಫೆಲೋಶಿಪ್‌ಗೆ ಅರ್ಜಿ ಹಾಕಿ ಸೋತವನೇ. ಹೆಸರು ದೊಡ್ಡದು ಎಂಬ ಒಂದೇ ಕಾರಣಕ್ಕೆ ವಿಭಾಗದ ಮುಖ್ಯಸ್ಥರ ಬಳಿ ಹೋದೆ. ‘ನೀವೇ ಬರೆದು ತನ್ನಿ, ಸಹಿ ಹಾಕುತ್ತೇನೆ’ ಎಂದರು. ನನ್ನನ್ನು ನಾನೇ ಹೊಗಳಿಕೊಂಡ ಆ ಪತ್ರವನ್ನು ನೆನೆದರೆ ಇಂದಿಗೂ ನಾಚಿಕೆಯಾಗುತ್ತದೆ. ಪ್ರಯೋಗಾಲಯದಲ್ಲಿ ನೀವು ಗಾಜಿನ ಕೊಳವೆ ಒಡೆದದ್ದನ್ನೂ ಕಂಡ ಕಿರಿಯ ಅಧ್ಯಾಪಕರಿದ್ದರೆ ಅವರಿಂದಲೇ ಬರೆಯಿಸಿ. ಕೊನೆಯ ದಿನಾಂಕಕ್ಕೆ ಎರಡು ತಿಂಗಳ ಮೊದಲೇ ಕೇಳಿ.

ಹಣ ಕೊಟ್ಟರೆ ವಿದ್ಯಾರ್ಥಿವೇತನ ಕೊಡಿಸುತ್ತೇವೆ ಎನ್ನುವ ಮಧ್ಯವರ್ತಿಗಳು ಎದುರಾದರೆ ದೂರವಿರಿ. ನೀವು ಹೆಸರಿಸಿದ ಎರಡರಲ್ಲೂ ಅರ್ಜಿ ಶುಲ್ಕವೆಂಬುದೇ ಇಲ್ಲ.

ಇನ್ನು ನಿಮ್ಮ ಪ್ರಬಂಧ. ‘ಬಾಲ್ಯದಿಂದಲೂ ನನಗೆ ವಿಜ್ಞಾನದಲ್ಲಿ ಅಪಾರ ಆಸಕ್ತಿ’ ಎಂದು ಆರಂಭವಾಗಿ ಒಂದೂವರೆ ಪುಟ ಅಂಕ, ಪದಕಗಳ ವರದಿ ಒಪ್ಪಿಸುತ್ತದೆ. ಎರಡನೆಯ ಪುಟದ ನಡುವೆ ಒಂದೇ ಒಂದು ಸಾಲು: ಆರು ತಿಂಗಳು ಬಾವಿಗಳ ನೀರಿನಲ್ಲಿ ಫ್ಲೋರೈಡ್ ಅಳೆದಿರಿ, ಒಂದು ಬಾವಿಯ ಫಲಿತಾಂಶ ಮಾತ್ರ ಪ್ರತಿ ಬಾರಿಯೂ ಬೇರೆಯಾಗಿ ಬಂತು. ಮರುವಾಕ್ಯದಲ್ಲಿ ಮತ್ತೆ ಪದಕ! ಹೊಸ ಕರಡು ಆ ಬಾವಿಯಿಂದಲೇ ಶುರುವಾಗಲಿ. ಒಂದು ಪ್ರತಿ ನಮಗೂ ಕಳುಹಿಸಿ. ಆ ನೀರು ಹಾಗೇಕೆ ಏರುಪೇರಾಯಿತೆಂದು ನಿಮ್ಮ ಪತ್ರ ಓದಿದಾಗಿನಿಂದ ಯೋಚಿಸುತ್ತಿದ್ದೇನೆ.